ಮೂರನೇ ಕಲ್ಲು

ಮೊನ್ನೆಯಿಂದ ಕಡೂರಿನ ನಮ್ಮ ಮನೆಯ ಬಾಗಿಲು ಗಾಳಿ ಬೀಸಿದಾಗಲೆಲ್ಲ ದಡಾರ್ ಎಂದು ಬಡಿದುಕೊಳ್ಳುತ್ತಿದೆ. ರವಿಕೆ ಹೊಲಿಸಲು ಬಂದವರು ಬೆಚ್ಚಿಬಿದ್ದು, "ಇಲ್ಲೊಂದು ಕಲ್ಲಿತ್ತಲ್ಲ ಜಯಕ್ಕಾ, ಎಲ್ಲೋಯ್ತು?" ಎಂದು ಕೇಳುತ್ತಾರೆ. ಆ ಕಲ್ಲು ಇದ್ದಾಗ ಇವರೇ ಎಡವಿ, ಕಾಲ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿದು, ನನಗೆ ಬೈದು ಹೋಗುತ್ತಿದ್ದವರು. ಈಗ ಅದಿಲ್ಲದೆ ಅವರಿಗೂ ಬೇಜಾರಾಗಿದೆ.

ಬಗ್ಗಿ ನೋಡಿದ್ದವರಿಗೆ ಗೊತ್ತು, ಆ ಕಲ್ಲಿನ ಒಂದು ಮೈಗೆ ಹಳದಿ ಬಣ್ಣವಿತ್ತು. ಅದನ್ನು ಬಳಿದವನು ನಮ್ಮಣ್ಣ ಪರಮೇಶ. ಇನ್ನೊಂದು ಮೈಗೆ ಒಲೆಯ ಮಸಿ ಹಿಡಿದಿತ್ತು. ಅದು ನನ್ನ ಕೆಲಸ. ನಾಲ್ಕು ವರ್ಷ ಆ ಮಸಿಯ ಮೈಯನ್ನು ಗೋಡೆಯ ಕಡೆ ತಿರುಗಿಸಿಯೇ ಇಟ್ಟಿದ್ದೆ. ತವರಿನವರು ಬಂದ ದಿನ ಕಲ್ಲೇ ಮಂಚದ ಕೆಳಗೆ ಸೇರುತ್ತಿತ್ತು.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಬರೆದದ್ದೆಲ್ಲ ಅಳತೆ ಪುಸ್ತಕದಲ್ಲಿ: ಎದೆ ಮೂವತ್ತಾರು, ತೋಳು ಹನ್ನೊಂದು, ಕತ್ತು ಸ್ವಲ್ಪ ಅಗಲ. ಆದ್ದರಿಂದ ಇಲ್ಲಿ ಎಲ್ಲಾದರೂ ಸುಕ್ಕು ಬಿದ್ದಿದ್ದರೆ ನೀವೇ ಹೊಲಿಗೆ ಬಿಚ್ಚಿ ಸರಿಮಾಡಿಕೊಳ್ಳಿ.

ಕಲ್ಲಿಗೆ ಮೊದಲು ಒಂದು ಕರುವಿನ ವಿಷಯ ಹೇಳಬೇಕು. ನನಗಾಗ ಎಂಟು ವರ್ಷ, ಅಣ್ಣನಿಗೆ ಹತ್ತು. ಅಜ್ಜಂಪುರದ ಹತ್ತಿರದ ನಮ್ಮೂರಿನಲ್ಲಿ ಕೆಂದಿ ಎಂಬ ಹಸು ಇತ್ತು. ಅದರ ಕರು ಕಟ್ಟುವುದು ಅಣ್ಣನ ಕೆಲಸ. ಒಂದು ದಿನ ನನಗೆ ಹಗ್ಗದಾಟ ಆಡುವ ಹುಚ್ಚು ಹಿಡಿಯಿತು. ಮನೆಯಲ್ಲೆಲ್ಲ ಹುಡುಕಿದರೆ ಕಂಡದ್ದು ಒಂದೇ ಹಗ್ಗ, ಕರುವಿನ ಕೊರಳಿನದು. ಬಿಚ್ಚಿಕೊಂಡೆ. ಹತ್ತು ಸಲ ಹಾರಿ ಬರುವಷ್ಟರಲ್ಲಿ ಕರು ತಾಯಿಯ ಕೆಚ್ಚಲನ್ನು ಒಣಗಿಸಿಬಿಟ್ಟಿತ್ತು. ಅವತ್ತು ಮಠದ ಅಯ್ಯನವರು ಮನೆಗೆ ಊಟಕ್ಕೆ ಬರುವವರಿದ್ದರು, ಪಾಯಸಕ್ಕೆ ಅದೇ ಹಾಲು ಆಗಬೇಕಿತ್ತು. "ಕರು ಕಟ್ಟಿದ್ದು ಯಾರು?" ಎಂದು ಅಪ್ಪ ಗುಡುಗಿದರು. ನಾನು ಹಗ್ಗವನ್ನು ಲಂಗದೊಳಗೆ ಸೇರಿಸಿಕೊಂಡು, "ಅಣ್ಣಂಗೆ ಕಟ್ಟೋದು ಮರ್ತೋಗಿತ್ತು ಅನ್ಸುತ್ತೆ" ಎಂದೆ. ಅಣ್ಣನಿಗೆ ಹುಣಸೆ ಬರಲಿನಲ್ಲಿ ಬಿತ್ತು. ಸಂಜೆ ಅವನು ನನ್ನ ಹತ್ತಿರ ಬಂದು, "ಕಟ್ಟಿದ್ದೆ ಅಲ್ವೇನೇ ಜಯಾ ನಾನು?" ಎಂದು ಕೇಳಿದ. "ನಂಗೇನು ಗೊತ್ತು" ಎಂದೆ.

ಅವ್ವ ಕೊನೆಗೆ ತೆಂಗಿನಕಾಯಿ ಹಾಲಿನಲ್ಲಿ ಪಾಯಸ ಮಾಡಿದಳು. ಅಯ್ಯನವರು ಎರಡು ಸಲ ಹಾಕಿಸಿಕೊಂಡು ಉಂಡರು. ಆಮೇಲೆ ಬಂದಾಗಲೆಲ್ಲ ಅದೇ ಪಾಯಸ ಕೇಳಿದರು. ಸುಳ್ಳು ಹೇಳಿದ್ದಕ್ಕೆ ದೇವರು ಶಿಕ್ಷೆ ಕೊಡುತ್ತಾನೆ ಎನ್ನುತ್ತಾರಲ್ಲ, ನನಗೆ ವರ್ಷವರ್ಷ ಪಾಯಸ ಕೊಟ್ಟ.

ಈಗ ಗಾಡಿಯ ವಿಷಯ. ಅಣ್ಣ ಈಗಲೂ ನಮ್ಮೂರಿನ ಆ ಹಳೆಯ ಮನೆಯಲ್ಲೇ ಇದ್ದಾನೆ. ತೋಟಗಳಿಂದ ತೆಂಗಿನಕಾಯಿ ತುಂಬಿ ಮಂಡಿಗೆ ಹಾಕುವುದು ಅವನ ಉದ್ಯೋಗ. ಅದಕ್ಕಾಗಿ ಒಂದು ಹಳೆಯ ಸ್ಕೂಲ್ ವ್ಯಾನ್ ತೆಗೆದುಕೊಂಡು, ಸೀಟು ಕಿತ್ತುಹಾಕಿದ್ದ. ಬಣ್ಣ ಹಳದಿಯೇ ಉಳಿಯಿತು. ಹಿಂದೆ ಬರೆದಿದ್ದ "ಮಕ್ಕಳಿದ್ದಾರೆ, ಎಚ್ಚರ" ಎಂಬುದನ್ನೂ ಅಳಿಸಲಿಲ್ಲ. "ಅದನ್ನ ನೋಡಿದ್ರೆ ಲಾರಿಯೋರು ಸ್ವಲ್ಪ ಮರ್ಯಾದೆ ಕೊಡ್ತಾರೆ" ಎನ್ನುತ್ತಿದ್ದ.

ನಾಲ್ಕು ವರ್ಷದ ಹಿಂದೆ ಒಂದು ದಿನ ಅವನು ಫೋನಿನಲ್ಲಿ ಯಾವುದೋ ದೇಶದವರ ವಿಡಿಯೋ ನೋಡಿದ. ಗಂಡ, ಹೆಂಡತಿ, ಮಕ್ಕಳು, ನಾಯಿ, ಎಲ್ಲರೂ ಗಾಡಿಯಲ್ಲೇ ಮಲಗಿ, ಗಾಡಿಯಲ್ಲೇ ಬೇಯಿಸಿ, ಸಮುದ್ರದ ದಂಡೆಗುಂಟ ಊರೂರು ಅಲೆಯುತ್ತಿದ್ದರಂತೆ. ಅವತ್ತೇ ನನಗೆ ಫೋನ್ ಬಂತು.

"ಲೇ ಜಯಾ, ನಮ್ ಗಾಡಿಗೇನೇ ಕಮ್ಮಿ? ಅವ್ವಂಗೆ ಸಮುದ್ರ ತೋರ್ಸಣ. ನೀನು ಪರದೆ ಹೊಲಿ, ಗುಡಾರ ಹೊಲಿ."

ಅವ್ವನಿಗೆ ಆಗ ಎಪ್ಪತ್ತೆಂಟು. ಸಮುದ್ರ ಕಂಡವಳಲ್ಲ. ಅವಳದು ಒಂದೇ ಷರತ್ತು. "ನಂಗೆ ಮಂಡಿ ನೋವು ಕಣ್ರೋ. ಮಲ್ಕಂಡೇ ನೋಡೋ ಹಂಗಿದ್ರೆ ಬತ್ತೀನಿ."

ನಾನು ಗುಡಾರ ಹೊಲಿದೆ. ರಾಗಿ ಒಣಗಿಸುವ ಎರಡು ಟಾರ್ಪಾಲು ಸೇರಿಸಿ ಹೊಲಿದ ಆ ಗುಡಾರ ನಿಲ್ಲಿಸಿದಾಗ ನೋಡಬೇಕಿತ್ತು. ಮೂವತ್ತು ವರ್ಷದ ಅಭ್ಯಾಸ ಕೈ ಬಿಟ್ಟೀತೇ, ಎರಡು ಕಡೆ ತೋಳು ಬಂದಿತ್ತು. ಅತ್ತಿಗೆ ಗಿರಿಜಾ ಅದರ ಸುತ್ತ ಒಂದು ಸುತ್ತು ಬಂದು, "ಹುಕ್ಕು ಹಿಂದಕ್ಕಾ ಮುಂದಕ್ಕಾ?" ಎಂದು ಕೇಳಿದಳು.

ವ್ಯಾನಿಗೆ ಎರಡು ನಾರಿನ ಹಾಸಿಗೆ ಬಿತ್ತು. ಕಿಟಕಿಗೆ ಹೂವಿನ ಪರದೆ ಬಂತು. ನೀರಿನ ಡ್ರಮ್ಮು, ಅವ್ವನ ಪೂಜೆಯ ಬುಟ್ಟಿ, ಸಣ್ಣ ಗ್ಯಾಸ್ ಒಲೆ ಒಳಗೆ ಸೇರಿದವು. ಒಳಗೆ ಕೊಬ್ಬರಿಯ ವಾಸನೆ ಹೇಗಿತ್ತೆಂದರೆ, ಎರಡು ದಿನ ಮಲಗಿ ಎದ್ದರೆ ತಲೆಗೆ ಎಣ್ಣೆ ಹಚ್ಚುವುದೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಅಣ್ಣ ತನ್ನ ಕಲ್ಲನ್ನು ಇಟ್ಟುಕೊಂಡ. ವ್ಯಾನಿನ ಹ್ಯಾಂಡ್‌ಬ್ರೇಕ್ ಅರ್ಧಂಬರ್ಧ ಹಿಡಿಯುತ್ತಿತ್ತು. ಗೇರಿನಲ್ಲಿ ನಿಲ್ಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ ಎಂದು ಅವನಿಗೆ ಡ್ರೈವಿಂಗ್ ಕಲಿಸಿದವನು ಹೇಳಿದ್ದನಂತೆ. ಹಾಗಾಗಿ ಗಾಡಿ ಎಲ್ಲಿ ನಿಂತರೂ ಇಳಿದು ಚಕ್ರಕ್ಕೆ ಕಲ್ಲು ಕೊಡುವುದು ಅವನ ನೇಮ. ಕಳೆದುಹೋಗದಿರಲಿ ಎಂದು ವ್ಯಾನಿನ ಬಣ್ಣವನ್ನೇ ಅದಕ್ಕೂ ಬಳಿದಿದ್ದ.

"ಹ್ಯಾಂಡ್‌ಬ್ರೇಕ್ ಅನ್ನೋದು ನಿನ್ ಗಂಡನ ಮಾತಿದ್ದಂಗೆ ಕಣೇ" ಎಂದ ನನಗೆ. "ಹಿಡಿದ್ರೆ ಹಿಡೀತು, ಇಲ್ದಿದ್ರೆ ಇಲ್ಲ. ಕಲ್ಲು ಹಂಗಲ್ಲ."

ನಮ್ಮ ಯಜಮಾನರು ಪಕ್ಕದಲ್ಲೇ ನಿಂತು ಚಕ್ಕುಲಿ ತಿನ್ನುತ್ತಿದ್ದರು. ಬೇಜಾರು ಮಾಡಿಕೊಳ್ಳಲಿಲ್ಲ. ಅವರು ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ.

ಅಣ್ಣ, ಅತ್ತಿಗೆ, ಅವ್ವ, ನಾವಿಬ್ಬರು, ಹೀಗೆ ಐದು ಜನ ಹೊರಟೆವು. ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದು, ಕರಾವಳಿ ಸಿಕ್ಕಮೇಲೆ ದೊಡ್ಡ ರಸ್ತೆ ಬಿಟ್ಟು ಸಣ್ಣ ರಸ್ತೆ, ಸಣ್ಣ ರಸ್ತೆ ಬಿಟ್ಟು ಮಣ್ಣಿನ ರಸ್ತೆ. ಕೊನೆಗೆ ರಸ್ತೆಯೇ ಇಲ್ಲದ ಕಡೆ ಅಣ್ಣ ಗಾಡಿ ನಿಲ್ಲಿಸಿದ. ನಾಲ್ಕು ಮೀನುಗಾರರ ಮನೆ, ಒಂದು ಸಾಲು ಗಾಳಿಮರ, ದೋಣಿ ಎಳೆಯಲು ಮಾಡಿದ ಗಟ್ಟಿ ಇಳಿಜಾರು, ಅದರ ಕೆಳಗೆ ಸಮುದ್ರ. ಅವ್ವ ಮಲಗಿದಲ್ಲಿಂದ ಮುಂದಿನ ಗಾಜಿನಲ್ಲಿ ಸಮುದ್ರ ಕಾಣಬೇಕಲ್ಲ, ಗಾಡಿಯ ಮೂತಿಯನ್ನು ನೀರಿನ ಕಡೆ ಮಾಡಿ ಇಳಿಜಾರಿನ ತಲೆಯಲ್ಲಿ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಇಳಿದು, ಎಡಗಡೆಯ ಮುಂದಿನ ಚಕ್ರಕ್ಕೆ ಹಳದಿ ಕಲ್ಲು ಕೊಟ್ಟ. ಎರಡು ಸಲ ಕಾಲಲ್ಲಿ ಒದ್ದು ಗಟ್ಟಿ ಮಾಡಿದ. ನಾನು ನೋಡಿದೆ. ನೋಡಿದವಳು ನಾನೊಬ್ಬಳೇ.

ಅವ್ವ ತಲೆದಿಂಬಿನಿಂದ ಬಹಳ ಹೊತ್ತು ಸಮುದ್ರ ನೋಡಿ, "ಇಷ್ಟೊಂದು ನೀರು ಇಟ್ಕಂಡು ಒಂದು ಗದ್ದೆ ಮಾಡಿಲ್ವಲ್ಲೋ ಈ ಜನ" ಎಂದಳು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ಮಾಡುವ ಸರದಿ ನನ್ನದು. ಗ್ಯಾಸ್ ಒಲೆ ಹಚ್ಚಿದರೆ ಸಮುದ್ರದ ಗಾಳಿ ಆರಿಸುತ್ತದೆ. ಎಂಟು ಕಡ್ಡಿ ಗೀರಿದ ಮೇಲೆ, ಮೂರು ಕಲ್ಲಿಟ್ಟು ಸೌದೆ ಒಲೆ ಹೂಡುತ್ತೇನೆ ಎಂದು ಹೊರಟೆ. ನಮ್ಮ ಕಡೂರು ಸೀಮೆಯಲ್ಲಿ ಒಲೆಗೆ ಕಲ್ಲು ಹುಡುಕಬೇಕಾಗಿಲ್ಲ. ಕಾಲಿಟ್ಟಲ್ಲಿ ಕಲ್ಲು. ಚಿಕ್ಕವರಿದ್ದಾಗ ದನ ಮೇಯಿಸಲು ಎಮ್ಮೆದೊಡ್ಡಿ ಕಾವಲಿನ ಕಡೆ ಹೋದರೆ, ಅವ್ವ ಕುಳಿತಲ್ಲಿಂದಲೇ ಕೈಚಾಚಿ ಮೂರು ಕಲ್ಲು ಎಳೆದು ಅನ್ನಕ್ಕಿಡುತ್ತಿದ್ದಳು. ಸಮುದ್ರದ ದಂಡೆಯಲ್ಲಿ ಕಪ್ಪೆಚಿಪ್ಪಿದೆ, ಏಡಿಯಿದೆ, ಯಾರದೋ ಒಂಟಿ ಚಪ್ಪಲಿಯಿದೆ. ಕಲ್ಲು ಮಾತ್ರ ಇಲ್ಲ. ಅರ್ಧ ಮೈಲಿ ತಿರುಗಿ, ಮುರಿದ ಕಾಂಪೌಂಡಿನಿಂದ ಕೈಗೊಂದರಂತೆ ಎರಡು ಕೆಂಪುಕಲ್ಲಿನ ತುಂಡು ತಂದೆ. ಎರಡು ಕಲ್ಲಿನ ಮೇಲೆ ಪಾತ್ರೆ ನಿಂತೀತೇ?

ಅಣ್ಣ, ಅತ್ತಿಗೆ ನೀರು ತರಲು ಮೀನುಗಾರರ ಬಾವಿಗೆ ಹೋಗಿದ್ದರು. ನಾನು ವ್ಯಾನಿನ ಕಡೆ ನೋಡಿದೆ. ಹಳದಿ ಕಲ್ಲು ಬಿಸಿಲಲ್ಲಿ ಹೊಳೆಯುತ್ತಿತ್ತು. ಹಿಮ್ಮಡಿಯಲ್ಲಿ ಮೆಲ್ಲಗೆ ತಳ್ಳಿದೆ. ಸಲೀಸಾಗಿ ಬಂತು. ಗಾಡಿ ಅಲ್ಲಾಡಲಿಲ್ಲ. ಬೇಕಾದರೆ ಇನ್ನೊಂದು ಸಲ ಹೇಳುತ್ತೇನೆ, ಗಾಡಿ ಅಲ್ಲಾಡಲಿಲ್ಲ. ಉಪ್ಪಿಟ್ಟಾದ ಕೂಡಲೇ ಮತ್ತೆ ಅಲ್ಲೇ ಇಟ್ಟರಾಯಿತು ಎಂದುಕೊಂಡು ಒಲೆ ಹೂಡಿದೆ.

ರವೆ ಹುರಿದಾಯಿತು, ಎಸರು ಕುದಿಯಿತು, ರವೆ ಸುರಿದೆ. "ರೀ, ತಟ್ಟೆ ತಗಂಬನ್ನಿ" ಎಂದೆ. ಯಜಮಾನರು ವ್ಯಾನ್ ಹತ್ತಿದರು. ಅರ್ಧ ಹಿಡಿಯುವ ಹ್ಯಾಂಡ್‌ಬ್ರೇಕು ಅವ್ವನೊಬ್ಬಳನ್ನು ತಡೆದುಕೊಂಡಿತ್ತು, ಅವ್ವನ ಜೊತೆ ನಮ್ಮ ಯಜಮಾನರನ್ನೂ ತಡೆಯುವುದು ಅದರ ಕೈಲಾಗಲಿಲ್ಲ. ಕಟ್ ಎಂಬ ಶಬ್ದ ಬಂತು. ಗಾಡಿ ಹೊರಟಿತು.

ಜೋರಾಗೇನೂ ಹೋಗಲಿಲ್ಲ. ಸಂಜೆ ಕೊಟ್ಟಿಗೆ ನೆನಪಾದ ಎತ್ತಿನ ಹಾಗೆ, ತನ್ನ ಪಾಡಿಗೆ, ಸಮಾಧಾನವಾಗಿ ಇಳಿಜಾರು ಇಳಿಯಿತು. ಯಜಮಾನರು ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಐದು ತಟ್ಟೆ. ಒಮ್ಮೆ ಒಳಗೆ ನೋಡಿದರು, ಒಮ್ಮೆ ಹೊರಗೆ ನೋಡಿದರು, ಆಮೇಲೆ ತಟ್ಟೆ ಸಮೇತ ಹಾರಿದರು. ಅಳಿಯ ಮರಳಿನಲ್ಲಿ ಉಳಿದ, ಅತ್ತೆ ಸಮುದ್ರಕ್ಕೆ ಹೋದಳು.

ಮುಂದಿನ ಚಕ್ರ ಹಸಿ ಮರಳಲ್ಲಿ ಹೂತು, ಮೊಣಕಾಲುದ್ದ ನೀರಿನಲ್ಲಿ ವ್ಯಾನ್ ನಿಂತಿತು. ದಂಡೆಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ: "ಮಕ್ಕಳಿದ್ದಾರೆ, ಎಚ್ಚರ."

ಒಳಗಿನಿಂದ ನಿದ್ದೆಗಣ್ಣಿನ ಅವ್ವನ ದನಿ ಬಂತು. "ಏ ಪರಮೇಶಾ, ಕೆರೆ ಒಡೀತೇನೋ?"

ಅಣ್ಣ ಕೊಡ ಎಸೆದು ಓಡಿಬಂದು ಅವಳನ್ನು ಬೆನ್ನಮೇಲೆ ಹೊತ್ತು ತಂದ. ಬಲೆ ಹೆಣೆಯುತ್ತಿದ್ದವರೆಲ್ಲ ಎದ್ದು ಬಂದರು. ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಇದೆಂತದು ಮಾರಾಯ್ರೆ, ಅಜ್ಜಿಯನ್ನು ಗಾಡಿ ಸಮೇತ ಮೀಯಿಸ್ಲಿಕ್ಕೆ ತಂದದ್ದಾ?" ಎಂದಳು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವರು ದೋಣಿಗೆ ಕಟ್ಟುವ ಹಗ್ಗ ಕಟ್ಟಿ, ದೋಣಿ ಎಳೆಯುವ ಹಾಗೆಯೇ ಕೂಗು ಹಾಕುತ್ತ ಗಾಡಿ ಎಳೆದರು. ಅವ್ವ ಮರಳಲ್ಲಿ ಕುಳಿತು ಸೆರಗು ಹಿಂಡಿಕೊಳ್ಳುತ್ತ, "ನಾನು ನೋಡಕ್ಕೆ ಹೋಗ್ದಿದ್ರೂ ಅದೇ ಬಂತಲ್ಲ" ಎಂದು ಖುಷಿಯಾಗಿದ್ದಳು.

ಆಮೇಲೆ ವಿಚಾರಣೆ ಶುರುವಾಯಿತು.

"ಹ್ಯಾಂಡ್‌ಬ್ರೇಕ್ ಹಾಕಿದ್ರಾ?" ಎಂದಳು ಅತ್ತಿಗೆ.

"ಹಾಕಿದ್ದೆ ಕಣೇ."

"ಕಲ್ಲು?"

"ಕೊಟ್ಟಿದ್ದೆ. ನಾನೇ ಕೈಯಾರೆ ಕೊಟ್ಟಿದ್ದೆ."

"ಕೊಟ್ಟಿದ್ರೆ ಎಲ್ರೀ ಕಲ್ಲು?"

ಎಲ್ಲರೂ ಇಳಿಜಾರಿನ ತಲೆಯಲ್ಲಿ ಹುಡುಕಿದರು. ಕಲ್ಲು ನನ್ನ ಹಿಂದೆ ಇತ್ತು, ಉಪ್ಪಿಟ್ಟಿನ ಪಾತ್ರೆಯ ಕೆಳಗೆ, ಬೆಂಕಿಯಲ್ಲಿ. ನಾನು ಸೀರೆ ಅಗಲಿಸಿ ಒಲೆಗೆ ಬೆನ್ನುಕೊಟ್ಟು ನಿಂತಿದ್ದೆ. ಮೀನಖಂಡ ಸುಡುತ್ತಿತ್ತು. ಹಿಂದೆ ಉಪ್ಪಿಟ್ಟು ತಳಹಿಡಿಯುತ್ತಿತ್ತು.

"ಸೀದೋಯ್ತಲ್ಲೇ, ಇಳ್ಸೇ ಪಾತ್ರೆನಾ!" ಎಂದಳು ಅವ್ವ.

"ಇನ್ನೂ ಬೆಂದಿಲ್ಲ" ಎಂದೆ.

ಅಣ್ಣ ನನ್ನ ಕಡೆ ತಿರುಗಿದ. ಸೊಂಟದವರೆಗೆ ಒದ್ದೆ, ಮುಖದಲ್ಲಿ ಮರಳು. "ನೀನು ಇಲ್ಲೇ ಇದ್ಯಲ್ಲ ಜಯಾ. ಕೊಟ್ಟಿದ್ದೆ ಅಲ್ವೇನೇ ನಾನು?"

ಆಗ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನು ಬಾಯಿಬಿಟ್ಟೆ. "ಅಣ್ಣಂಗೆ ಇತ್ತೀಚೆಗೆ ಮರೆವು ಜಾಸ್ತಿ ಆಗೈತೆ ಅತ್ತಿಗೆ."

ಬೆಂಕಿ ಆರಿದ ಮೇಲೆ ಕಲ್ಲನ್ನು ಒದ್ದೆ ಸೀರೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದೆ. ಚುಯ್ ಎಂದಿತು. ಅಲ್ಲೇ ಬಿಟ್ಟುಬಂದಿದ್ದರೆ ಕತೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಏಳನೇ ಕ್ಲಾಸಿನವಳಿಗೆ ಅಷ್ಟು ಹೊಳೆಯಲಿಲ್ಲ. ಅಥವಾ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಉಪ್ಪುನೀರು ಕುಡಿದ ಗಾಡಿಯನ್ನು ಮೆಕ್ಯಾನಿಕ್ಕು ಸರಿಮಾಡಿದ. ನನ್ನ ಮಾತನ್ನು ಸರಿಮಾಡಲು ಯಾವ ಮೆಕ್ಯಾನಿಕ್ಕೂ ಇರಲಿಲ್ಲ. ಅತ್ತಿಗೆ ಊರಿಗೆ ಬಂದ ಮಾರನೆಯ ದಿನದಿಂದಲೇ ಅಣ್ಣನಿಗೆ ಒಂದೆಲಗದ ಚಟ್ನಿ ಶುರುಮಾಡಿದಳು. ನೆನಪಿನ ಶಕ್ತಿಗೆ ಅದು ಒಳ್ಳೆಯದಂತೆ. ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಬಟ್ಟಲು. ಒಂದೆಲಗ ನಾಲ್ಕು ದಿನ ರುಚಿ. ನಾಲ್ಕು ವರ್ಷ ತಿಂದವನ ಮುಖವನ್ನು ನಾನು ನೋಡಿದ್ದೇನೆ.

ನಮ್ಮಣ್ಣ ಎಂಥವನೆಂದರೆ, ಬಂಧುಗಳಲ್ಲಿ ಯಾರ ಮಗುವಿನ ನಕ್ಷತ್ರ ಕೇಳಿದರೂ ಹೇಳುತ್ತಿದ್ದ. ಯಾವ ತೋಟದಲ್ಲಿ ಯಾವ ಸಾಲಿನ ಎಷ್ಟನೇ ಮರ ಕಾಯಿ ಬಿಡುವುದಿಲ್ಲ ಎಂಬುದು ಅವನಿಗೆ ಬಾಯಿಪಾಠ. ಅಂಥವನು ಬರಬರುತ್ತಾ ಬೀಗ ಹಾಕಿ ಮೂರು ಸಲ ಎಳೆದು ನೋಡುವಂತಾದ. ಬಸ್ ಸ್ಟ್ಯಾಂಡಿನವರೆಗೆ ಬಂದು ಗ್ಯಾಸ್ ಆರಿಸಿದ್ದೀನಾ ಎಂದು ವಾಪಸ್ ಹೋಗುವಂತಾದ. ನಕ್ಷತ್ರ ಕೇಳಿದರೆ, "ನನ್ನ ಕೇಳ್ಬೇಡ್ರಪ್ಪ, ನಂಗೆ ಮರೆವು" ಎನ್ನುವಂತಾದ. ವ್ಯಾನನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಕಾಯಿಗೆ ಬೇರೆಯವರ ಗಾಡಿ ಕರೆದ. ವ್ಯಾನಿನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು.

ಹೇಳಬೇಕು, ಹೇಳಬೇಕು ಎಂದು ಎಷ್ಟು ಸಲ ಹೊರಟೆನೋ. ಯುಗಾದಿಗೆ ಹೇಳೋಣವೆಂದು ಹೋದೆ, ಹಬ್ಬದ ದಿನ ಯಾಕೆ ಎಂದು ಬಂದೆ. ಅವನಿಗೆ ಜ್ವರ ಬಂದಾಗ ಹೋದೆ, ಜ್ವರದಲ್ಲಿ ಯಾಕೆ ಎಂದು ಬಂದೆ. ಒಳ್ಳೆಯ ದಿನವೂ ಆಗುವುದಿಲ್ಲ, ಕೆಟ್ಟ ದಿನವೂ ಆಗುವುದಿಲ್ಲ ಎಂದಮೇಲೆ ಉಳಿಯುವ ದಿನವಾದರೂ ಯಾವುದು?

ಹೋದ ವಾರ ಅತ್ತಿಗೆಯ ಫೋನ್ ಬಂತು. "ಗಾಡಿ ಕೊಟ್ಬಿಡ್ತಿದೀವಿ ಜಯಾ. ಸೋಮವಾರ ತರೀಕೆರೆಯೋರು ಬಂದು ತಗಂಡೋಗ್ತಾರೆ. ನಿಮ್ಮಣ್ಣನೇ ಅಂದ್ರು, ಮರೆವಿನೋನಿಗೆ ಗಾಡಿ ಯಾಕೆ ಅಂತ."

ಭಾನುವಾರ ಬೆಳಿಗ್ಗೆ ಕಲ್ಲನ್ನು ಕೈಚೀಲಕ್ಕೆ ಹಾಕಿಕೊಂಡು ಕಡೂರಿನಲ್ಲಿ ರೈಲು ಹತ್ತಿದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದ ಹೆಂಗಸು ಮುಟ್ಟಿ ನೋಡಿ, "ತವರುಮನೆಗಾ? ಏನಮ್ಮ, ಬೆಲ್ಲದಚ್ಚಾ?" ಎಂದಳು.

"ಕಲ್ಲು" ಎಂದೆ.

ಬೀರೂರು ಬರುವ ಮೊದಲೇ ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಅಣ್ಣ ಜಗುಲಿಯ ಮೇಲೆ ಚಟ್ನಿಯ ಬಟ್ಟಲು ಮುಂದಿಟ್ಟುಕೊಂಡು, ಧೈರ್ಯ ತಂದುಕೊಳ್ಳುತ್ತಿದ್ದ. ಅವ್ವ ಮಂಚದ ಮೇಲಿದ್ದಳು. ಅತ್ತಿಗೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕಲ್ಲನ್ನು ತೆಗೆದು, ಮಸಿಯ ಮೈ ಮೇಲೆ ಮಾಡಿ, ಅಣ್ಣನ ಮುಂದಿಟ್ಟೆ. ರೈಲಿನಲ್ಲಿ ಕಲಿತುಕೊಂಡು ಬಂದ ಮಾತೆಲ್ಲ ಹಾರಿಹೋಗಿತ್ತು. "ಉಪ್ಪಿಟ್ಟಿಗೆ ಒಂದು ಕಲ್ಲು ಕಮ್ಮಿ ಬಿದ್ದಿತ್ತು ಅಣ್ಣಾ" ಎಂದೆ.

ಅಣ್ಣ ಕಲ್ಲನ್ನು ಹೊರಳಿಸಿದ. ಹಳದಿ ನೋಡಿದ. ಮತ್ತೆ ಹೊರಳಿಸಿದ. ಮಸಿಯ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡ.

"ಹಂಗಾರೆ ನಾನು ಕೊಟ್ಟಿದ್ದೆ" ಎಂದ.

"ಕೊಟ್ಟಿದ್ದೆ ಅಣ್ಣಾ."

"ಎಡಗಡೆ ಮುಂದಿನ ಚಕ್ರಕ್ಕೆ."

"ಹೂಂ. ಎರಡು ಸಲ ಒದ್ದಿದ್ದೆ."

ನಾನು ಬೈಗುಳಕ್ಕೆ ತಲೆ ಕೊಟ್ಟು ನಿಂತಿದ್ದೆ. ಅಣ್ಣ ಬೈಯಲಿಲ್ಲ. ಅವನ ಮುಖ ಅರಳಿತು. "ಲೇ ಗಿರಿಜಾ, ನಂಗೆ ಮರೆವಿಲ್ಲ ಕಣೇ!" ಎಂದು ಬೀದಿಗೆ ಕೇಳುವಂತೆ ಕೂಗಿದ. ಅತ್ತಿಗೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು. "ನಾಲ್ಕು ವರ್ಷ ಅರೆದಿದೀನಲ್ಲೇ ಮನೆಹಾಳಿ, ನನ್ ರಟ್ಟೆ ಯಾರು ವಾಪಸ್ ಕೊಡ್ತಾರೆ?"

"ಅದಕ್ಕೇ ಆವತ್ತು ಉಪ್ಪಿಟ್ಟು ಸೀದಿತ್ತು" ಎಂದಳು ಅವ್ವ, ನಾಲ್ಕು ವರ್ಷದ ಅನುಮಾನ ಬಗೆಹರಿದವಳ ಹಾಗೆ.

ಅಣ್ಣ ಚಟ್ನಿಯ ಬಟ್ಟಲನ್ನು ನನ್ನ ಮುಂದೆ ತಳ್ಳಿದ. "ತಿನ್ನು."

"ಬರೀ ಚಟ್ನಿನಾ?"

"ನಾನು ಬರೀದೇ ತಿಂದಿದೀನಿ."

ಕುಳಿತು ತಿನ್ನತೊಡಗಿದೆ. ಅವನು ತರೀಕೆರೆಯವರಿಗೆ ಫೋನ್ ಮಾಡಿ ಗಾಡಿ ಕೊಡುವುದಿಲ್ಲ ಎಂದ. ಕೋಳಿಗಳನ್ನು ಎಬ್ಬಿಸಿ, ಮೊಟ್ಟೆ ಎತ್ತಿ ಅತ್ತಿಗೆಯ ಕೈಗೆ ಕೊಟ್ಟ. ಹಳದಿ ಕಲ್ಲನ್ನು ತೆಗೆದುಕೊಂಡು ಹೋಗಿ ಚಕ್ರಕ್ಕೆ ಕೊಟ್ಟು, "ಎಲ್ರೂ ನೋಡ್ಕಳ್ಳಿ, ಕೊಟ್ಟಿದೀನಿ" ಎಂದ. ಆಮೇಲೆ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ನಾಲ್ಕು ವರ್ಷ ಮುಚ್ಚಿಟ್ಟಿದ್ದ ನೆನಪಿನ ಗಂಟು ಬಿಚ್ಚಿದ. ದೊಡ್ಡಪ್ಪನ ಮೊಮ್ಮಗಳದು ರೋಹಿಣಿ, ನನ್ನ ಮದುವೆಯ ಮುಹೂರ್ತ ಇಂಥದು, ಮೊದಲು ತಗೊಂಡ ಲೂನಾದ ನಂಬರ್ ಇಂಥದು. ಒಂದೂ ತಪ್ಪಲಿಲ್ಲ. ನಾನು ಹೂಂಗುಟ್ಟುತ್ತ ಚಟ್ನಿ ನುಂಗುತ್ತಿದ್ದೆ. ಎದೆ ಎಷ್ಟೋ ಹಗುರವಾಗಿತ್ತು.

ಅಣ್ಣ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಕಲ್ಲನ್ನು ನೋಡಿದ. ಹಳೆಯ ಕೊಟ್ಟಿಗೆಯ ಕಡೆ ನೋಡಿದ. ಕೊನೆಗೆ ನನ್ನನ್ನು ನೋಡಿದ.

"ಜಯಾ."

"ಏನಣ್ಣಾ?"

"ಆವತ್ತು ಅಯ್ಯನವರು ಬಂದಿದ್ದಾಗ... ಕೆಂದಿ ಕರು ಕಟ್ಟಿದ್ದೆ ಅಲ್ವೇನೇ ನಾನು?"

ಅವ್ವ ಮಂಚದ ಮೇಲೆ ಎದ್ದು ಕುಳಿತಳು. ಈ ಸಲ ಬೆನ್ನುಕೊಟ್ಟು ಮುಚ್ಚಲು ಒಲೆಯೂ ಇರಲಿಲ್ಲ.

"ಕಟ್ಟಿದ್ದೆ ಅಣ್ಣಾ" ಎಂದೆ. "ಎರಡು ಗಂಟು ಹಾಕಿದ್ದೆ."

ಅಣ್ಣ ಎದ್ದು ಒಳಗೆ ಹೋಗಿ, ಒರಳಿನಲ್ಲಿ ಉಳಿದಿದ್ದ ಚಟ್ನಿಯನ್ನೂ ಬಳಿದು ತಂದು ನನ್ನ ಬಟ್ಟಲಿಗೆ ಹಾಕಿದ.